ಬೋರ್ಡಿನಲ್ಲಿ ಯಾರಿದ್ದಾರೆ, ಸಿಎಸ್‌ಆರ್ ಹಣ ಎಲ್ಲಿಗೆ ಹೋಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಲವು ವರ್ಷ ಸ್ವಯಂಸೇವಾ ಸಂಸ್ಥೆಗಳ ಪರವಾಗಿ ಕಂಪನಿಗಳಿಗೆ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಗೆಂದು ಕಂಪನಿ ಮಾಡುವ ಖರ್ಚು) ಅರ್ಜಿಗಳನ್ನು ಬರೆದುಕೊಟ್ಟಿದ್ದೇನೆ. ಕೆಲವಕ್ಕೆ ಹಣ ಬಂತು, ಜಾಸ್ತಿ ಪಾಲಿಗೆ ಬರಲಿಲ್ಲ. ಈ ಓಡಾಟದಲ್ಲಿ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಸಂಸ್ಥೆಗಳ ಕಾರ್ಯಕರ್ತರು, ನಾಲ್ಕಾರು ಷೇರು ಇಟ್ಟುಕೊಂಡ ಸ್ನೇಹಿತರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಕಾನೂನಿನ ಜೊತೆ ನನ್ನ ಅಭಿಪ್ರಾಯವೂ ಇದೆ. ಯಾವುದು ಕಾನೂನು, ಯಾವುದು ನನ್ನ ಮಾತು ಎನ್ನುವುದು ಓದುವಾಗಲೇ ಗೊತ್ತಾಗುತ್ತದೆ.

ಕಂಪನಿಯ ಬೋರ್ಡಿಗೂ ನಮ್ಮೂರಿನ ಶಾಲೆಗೂ ಏನು ಸಂಬಂಧ?

ನಿಮ್ಮ ಅರ್ಜಿ ಮೊದಲು ಹೋಗುವುದು ಕಂಪನಿಯ ಸಿಎಸ್‌ಆರ್ ವಿಭಾಗಕ್ಕೆ. ಅಲ್ಲಿರುವವರು ಒಳ್ಳೆಯವರೇ ಇರಬಹುದು, ಆದರೆ ಕೊನೆಯ ಮಾತು ಅವರದಲ್ಲ. ಈ ವರ್ಷ ಯಾವ ಕೆಲಸಗಳಿಗೆ ಎಷ್ಟು ಹಣ ಎಂಬ ಯೋಜನೆಯನ್ನು ನಿರ್ದೇಶಕರ ಸಿಎಸ್‌ಆರ್ ಸಮಿತಿ ಶಿಫಾರಸು ಮಾಡುತ್ತದೆ, ಬೋರ್ಡ್, ಅಂದರೆ ನಿರ್ದೇಶಕರ ಮಂಡಳಿ, ಒಪ್ಪುತ್ತದೆ. ಹಣ ಹೇಳಿದ ಕೆಲಸಕ್ಕೇ ಖರ್ಚಾಯಿತಾ ಎಂದು ನೋಡಿಕೊಳ್ಳುವ ಹೊಣೆಯೂ ಬೋರ್ಡಿನದೇ. ಅಂದರೆ ಯಾದಗಿರಿಯ ಹಳ್ಳಿಗೆ ನೀರಿನ ಘಟಕ ಬೇಕೋ ಬೆಂಗಳೂರಿನ ಶಾಲೆಗೆ ಇನ್ನೊಂದು ಕಂಪ್ಯೂಟರ್ ಕೊಠಡಿ ಬೇಕೋ ಎನ್ನುವುದನ್ನು ಎಂಟು ಹತ್ತು ಜನ ಒಂದು ಟೇಬಲ್ಲಿನ ಸುತ್ತ ಕೂತು ತೀರ್ಮಾನ ಮಾಡುತ್ತಾರೆ. ಅವರೆಲ್ಲ ಒಂದೇ ಥರದ ಮನೆಗಳಿಂದ, ಒಂದೇ ಥರದ ಕಾಲೇಜುಗಳಿಂದ ಬಂದವರಾದರೆ ಕೆಲವು ಪ್ರಶ್ನೆಗಳು ಅಲ್ಲಿ ಏಳುವುದೇ ಇಲ್ಲ.

ಸಿಎಸ್‌ಆರ್ ಎಲ್ಲ ಕಂಪನಿಗಳಿಗೂ ಕಡ್ಡಾಯವಾ?

ಇಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗೆ ಇದು ಅನ್ವಯ. ಮೂರರಲ್ಲಿ ಒಂದು ಆದರೂ ಸಾಕು. ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಕನಿಷ್ಠ 2% ಖರ್ಚು ಮಾಡಬೇಕು. ಇದು ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಿಂದ.

ಮೊದಮೊದಲು ಖರ್ಚು ಮಾಡದಿದ್ದರೆ ಕಾರಣ ಹೇಳಿದರೆ ಮುಗಿಯುತ್ತಿತ್ತು. 2021ರ ಜನವರಿಯಿಂದ ಹಾಗಿಲ್ಲ. ಉಳಿದ ಹಣವನ್ನು ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು. ಕೆಲಸ ಇನ್ನೂ ನಡೆಯುತ್ತಿದ್ದರೆ ಬೇರೆ ಖಾತೆಯಲ್ಲಿಟ್ಟು ಮೂರು ವರ್ಷದೊಳಗೆ ಖರ್ಚು ಮಾಡಬೇಕು. ತಪ್ಪಿದರೆ ದಂಡ ಇದೆ. ಹೀಗೆ ದೇಶದಲ್ಲಿ ವರ್ಷಕ್ಕೆ ಖರ್ಚಾಗುವ ಹಣ ಸಣ್ಣದೇನಲ್ಲ, 2022-23ರಲ್ಲಿ ಅದು ಸುಮಾರು 30 ಸಾವಿರ ಕೋಟಿ ರೂಪಾಯಿ.

ಬೋರ್ಡಿನ ವೈವಿಧ್ಯ ಅಂದರೆ ಮಹಿಳೆಯರ ಲೆಕ್ಕ ಮಾತ್ರವಾ?

ಕಾನೂನಿನ ಕಣ್ಣಿಗೆ ಸದ್ಯಕ್ಕೆ ಅಷ್ಟೇ. ನನ್ನ ಮಟ್ಟಿಗೆ ಅಷ್ಟು ಸಾಲದು. ಯಾವ ಊರಿಂದ ಬಂದವರು, ಯಾವ ಜಾತಿ, ಸರ್ಕಾರಿ ಶಾಲೆಯಲ್ಲಿ ಓದಿದವರು ಯಾರಾದರೂ ಇದ್ದಾರಾ, ಅಂಗವೈಕಲ್ಯ ಇರುವವರು ಇದ್ದಾರಾ, ಹಣಕಾಸು ಬಿಟ್ಟು ಆರೋಗ್ಯ, ಕೃಷಿ, ಶಿಕ್ಷಣದಲ್ಲಿ ಕೆಲಸ ಮಾಡಿದವರು ಇದ್ದಾರಾ ಎನ್ನುವುದೆಲ್ಲ ವೈವಿಧ್ಯವೇ. ಆದರೆ ಕಾನೂನು, ಅಂಕಿಅಂಶ, ಅಧ್ಯಯನ ಮೂರೂ ಜಾಸ್ತಿ ಇರುವುದು ಮಹಿಳಾ ನಿರ್ದೇಶಕರ ಬಗ್ಗೆ. ಹಾಗಾಗಿ ಕೆಳಗೆ ಆ ಮಾತೇ ಹೆಚ್ಚು ಬರುತ್ತದೆ.

ಮಹಿಳಾ ನಿರ್ದೇಶಕರ ಬಗ್ಗೆ ಕಾನೂನು ಏನು ಹೇಳುತ್ತದೆ?

ಅದೇ 2013ರ ಕಾಯ್ದೆಯ 149ನೇ ಸೆಕ್ಷನ್. ಷೇರುಪೇಟೆಯಲ್ಲಿರುವ ಎಲ್ಲ ಕಂಪನಿಗಳ ಬೋರ್ಡಿನಲ್ಲೂ ಕನಿಷ್ಠ ಒಬ್ಬ ಮಹಿಳೆ ಇರಬೇಕು. ಷೇರುಪೇಟೆಯಲ್ಲಿ ಇಲ್ಲದ ಪಬ್ಲಿಕ್ ಕಂಪನಿಯಾದರೆ, ಷೇರು ಬಂಡವಾಳ 100 ಕೋಟಿ ಅಥವಾ ವಹಿವಾಟು 300 ಕೋಟಿ ಮುಟ್ಟಿದ್ದರೆ ಅದಕ್ಕೂ ಇದೇ ನಿಯಮ.

ಸಿಎಸ್‌ಆರ್ ಕಡ್ಡಾಯ ಮಾಡಿದ ಕಾಯ್ದೆಯೇ ಬೋರ್ಡಿಗೆ ಮಹಿಳೆ ಬೇಕು ಅಂತಲೂ ಹೇಳಿತು. ಎರಡೂ ಒಂದೇ ಪುಸ್ತಕದಲ್ಲಿ, ಕೆಲವೇ ಪುಟಗಳ ಅಂತರದಲ್ಲಿವೆ. ಆದರೆ ಎರಡನ್ನೂ ಕಾಯ್ದೆ ಎಲ್ಲೂ ಜೋಡಿಸಲಿಲ್ಲ.

ಇನ್ನೊಂದು ಸಂದು ಇದೆ. ಸಿಎಸ್‌ಆರ್ ನಿಯಮ ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೂ ಅನ್ವಯಿಸುತ್ತದೆ, ಮಹಿಳಾ ನಿರ್ದೇಶಕರ ನಿಯಮ ಅನ್ವಯಿಸುವುದಿಲ್ಲ. ಎಷ್ಟೋ ವಿದೇಶಿ ಕಂಪನಿಗಳ ಭಾರತದ ಅಂಗಸಂಸ್ಥೆಗಳು ಪ್ರೈವೇಟ್ ಲಿಮಿಟೆಡ್ ಆಗಿಯೇ ಇವೆ. ಅಂಥ ಕಡೆ ಕೋಟಿಗಟ್ಟಲೆ ಸಿಎಸ್‌ಆರ್ ಹಣದ ತೀರ್ಮಾನವನ್ನು ಬರೀ ಗಂಡಸರ ಬೋರ್ಡ್ ಮಾಡಿದರೂ ಕಾನೂನು ಅಡ್ಡ ಬರುವುದಿಲ್ಲ.

ಮಾಲೀಕರ ಹೆಂಡತಿಯನ್ನೋ ತಂಗಿಯನ್ನೋ ತಂದು ಕೂರಿಸಿದರೆ ನಿಯಮ ಪಾಲಿಸಿದ ಹಾಗಾಗುತ್ತದಾ?

ಕಂಪನಿ ಕಾಯ್ದೆಯ ಮಟ್ಟಿಗೆ, ಹೌದು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕೊಟ್ಟ ಗಡುವು 2015ರ ಏಪ್ರಿಲ್ 1ಕ್ಕೆ ಮುಗಿಯುವಾಗ ಬಹಳ ಕಂಪನಿಗಳು ಮಾಡಿದ್ದು ಅದನ್ನೇ. ಪ್ರವರ್ತಕರ ಮನೆಯ ಹೆಣ್ಣುಮಕ್ಕಳು ರಾತ್ರೋರಾತ್ರಿ ನಿರ್ದೇಶಕರಾದರು. ಅವರಲ್ಲಿ ಸಮರ್ಥರು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ವ್ಯವಹಾರ ಚೆನ್ನಾಗಿ ಬಲ್ಲವರು ಇದ್ದರು, ಇದ್ದಾರೆ. ಆದರೆ ಮನೆಯ ಊಟದ ಟೇಬಲ್ಲಿನಲ್ಲೇ ಮುಗಿದ ಮಾತನ್ನು ಬೋರ್ಡಿನ ಟೇಬಲ್ಲಿನಲ್ಲಿ ಮತ್ತೆ ಎತ್ತಿ ಪ್ರಶ್ನೆ ಮಾಡುವುದು ಯಾರಿಗಾದರೂ ಕಷ್ಟ ಅಲ್ವಾ?

ಈ ತೂತು ಮುಚ್ಚಲು ಹೇಳಿದ್ದು ಬ್ಯಾಂಕರ್ ಉದಯ್ ಕೋಟಕ್ ನೇತೃತ್ವದ ಸಮಿತಿ, 2017ರಲ್ಲಿ. ಅದರ ಮಾತಿನಂತೆ ಸೆಬಿ ನಿಯಮ ಬದಲಿಸಿತು. ಕನಿಷ್ಠ ಒಬ್ಬ *ಸ್ವತಂತ್ರ* ಮಹಿಳಾ ನಿರ್ದೇಶಕಿ ಬೇಕು, ಅಂದರೆ ಪ್ರವರ್ತಕರ ಸಂಬಂಧಿಕರಾಗಿರಬಾರದು, ಕಂಪನಿಯ ಜೊತೆ ಹಣದ ನಂಟು ಇರಬಾರದು. ದೊಡ್ಡ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, ದೊಡ್ಡ 1,000 ಕಂಪನಿಗಳಿಗೆ 2020ರ ಏಪ್ರಿಲ್‌ನಿಂದ. ಅದಕ್ಕಿಂತ ಕೆಳಗಿನ ಕಂಪನಿಗಳಲ್ಲಿ ತೂತು ಇನ್ನೂ ಹಾಗೇ ಇದೆ.

ಮಹಿಳೆಯರು ಬಂದರೆ ಖರ್ಚಿನ ದಿಕ್ಕು ನಿಜಕ್ಕೂ ಬದಲಾಗುತ್ತದಾ? ಸಾಕ್ಷಿ ಏನಿದೆ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಂಪನಿಗಳ ಬಗ್ಗೆ ಲೋಕದ ಹಲವು ಕಡೆ ಅಧ್ಯಯನ ಆಗಿವೆ. ಅಂಥ ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ 2016ರಲ್ಲಿ ಸಂಶೋಧಕರಾದ ಕ್ರಿಸ್ ಬೈರನ್ ಮತ್ತು ಕೊರಿನ್ ಪೋಸ್ಟ್ ನೋಡಿದರು. ಬೋರ್ಡಿನಲ್ಲಿ ಮಹಿಳೆಯರು ಹೆಚ್ಚಿದ್ದ ಕಡೆ ಸಾಮಾಜಿಕ ಹೊಣೆಗಾರಿಕೆಯೂ ಹೆಚ್ಚಿತ್ತು. ಆದರೆ ಆ ಸಂಬಂಧ ತೀರಾ ದೊಡ್ಡದಾಗಿರಲಿಲ್ಲ. ಷೇರುದಾರರಿಗೆ ಕಾನೂನಿನ ರಕ್ಷಣೆ ಗಟ್ಟಿಯಿರುವ, ಹೆಣ್ಣು ಗಂಡಿನ ನಡುವೆ ಅಂತರ ಕಡಿಮೆಯಿರುವ ದೇಶಗಳಲ್ಲಿ ಅದು ಇನ್ನಷ್ಟು ಬಲವಾಗಿ ಕಂಡಿತು. ಇದರಲ್ಲಿ ಒಂದು ಗಂಟೂ ಇದೆ. ಮೊದಲೇ ಒಳ್ಳೆಯ ಮನಸ್ಸಿರುವ ಕಂಪನಿಗಳೇ ಮಹಿಳೆಯರನ್ನು ಜಾಸ್ತಿ ಕರೆದುಕೊಳ್ಳುತ್ತಿರಬಹುದು. ಆಗ ಯಾವುದು ಕಾರಣ, ಯಾವುದು ಫಲ ಎಂದು ಬಿಡಿಸುವುದು ಸುಲಭವಲ್ಲ.

ಆ ಗಂಟನ್ನು ಚೆನ್ನಾಗಿ ಬಿಡಿಸಿದ್ದು ನಮ್ಮ ಗ್ರಾಮ ಪಂಚಾಯಿತಿಗಳು. ಸಂವಿಧಾನದ 73ನೇ ತಿದ್ದುಪಡಿಯ ನಂತರ ಮೂರರಲ್ಲಿ ಒಂದು ಪಂಚಾಯಿತಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ಯಾವ ಪಂಚಾಯಿತಿಗೆ ಎನ್ನುವುದು ಸರದಿಯ ಪ್ರಕಾರ ನಿರ್ಧಾರವಾಗುತ್ತಿತ್ತು, ಯಾರ ಇಷ್ಟದ ಮೇಲೂ ಅಲ್ಲ. ಹಾಗಾಗಿ ಮೀಸಲು ಇದ್ದ ಊರು, ಇಲ್ಲದ ಊರು ಎರಡನ್ನೂ ನ್ಯಾಯವಾಗಿ ಹೋಲಿಸಬಹುದಿತ್ತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರದಲ್ಲಿ ಈ ಕೆಲಸ ಮಾಡಿ 2004ರಲ್ಲಿ ಪ್ರಕಟಿಸಿದರು. ಮಹಿಳೆ ಅಧ್ಯಕ್ಷೆಯಾಗಿದ್ದ ಊರುಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ಎರಡೂ ಕಡೆ ಹಾಗೇ. ಆ ಊರಿನ ಹೆಂಗಸರು ದೂರಿಕೊಂಡು ಬರುತ್ತಿದ್ದದ್ದೂ ಜಾಸ್ತಿ ನೀರಿನ ಬಗ್ಗೆಯೇ.

ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ. ತಿದ್ದುಪಡಿಗೂ ಮುಂಚೆ, 1983ರ ನಮ್ಮ ಕಾಯ್ದೆಯಲ್ಲೇ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ 25% ಸ್ಥಾನ ಮಹಿಳೆಯರಿಗೆ ಇತ್ತು. ಅದನ್ನು ತಂದ ಆಗಿನ ಸಚಿವ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಗಳಲ್ಲಿ ಇವತ್ತಿಗೂ ನೀರ್ ಸಾಬ್ ಎಂದೇ ನೆನೆಯುತ್ತಾರೆ. ಈಗ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದು. ಗಂಡ ಬಂದು ಕೂರುತ್ತಾನೆ, ಹೆಂಡತಿ ಸಹಿ ಮಾಡುತ್ತಾಳೆ ಎಂಬ ದೂರು ನಾನೂ ಕೇಳಿದ್ದೇನೆ, ಕಣ್ಣಾರೆ ನೋಡಿಯೂ ಇದ್ದೇನೆ. ಆದರೆ ಎರಡನೇ ಸಲ ಗೆದ್ದು ಬಂದವರು ಗಂಡನನ್ನು ಹೊರಗೆ ಕೂರಿಸಿ ಸಭೆ ನಡೆಸಿದ್ದನ್ನೂ ನೋಡಿದ್ದೇನೆ.

ಕಂಪನಿ ಪಂಚಾಯಿತಿಯಲ್ಲ, ನಿಜ. ಆದರೆ ಎರಡೂ ಕಡೆ ಕೆಲವರು ಕೂತು ಹಲವರ ಹಣಕ್ಕೆ ದಾರಿ ತೋರಿಸುತ್ತಾರೆ. ನೀರು ಹೊತ್ತವರಿಗೆ ಕೊಡದ ಭಾರ ಗೊತ್ತಿರುತ್ತದೆ.

ಟೇಬಲ್ಲಿನಲ್ಲಿ ಏನು ಬದಲಾಗುತ್ತದೆ? ಒಂದು ಉದಾಹರಣೆ ಕೊಡಿ.

ಉತ್ತರ ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನಾನೇ ಅರ್ಜಿ ಬರೆದೆ. ಕಂಪನಿ ಒಪ್ಪಿತು, ಕಟ್ಟಿತು, ಟೈಲ್ಸ್ ಹಾಕಿತು, ಹೊರಗೆ ದೊಡ್ಡ ಫಲಕ ಹಾಕಿತು. ಒಂದು ವರ್ಷ ಬಿಟ್ಟು ಹೋದರೆ ಬೀಗ. ಒಳಗೆ ನೀರಿನ ಪೈಪೇ ಇರಲಿಲ್ಲ. ಬಕೆಟ್ಟಿನಲ್ಲಿ ತರಬೇಕಿತ್ತು, ತರುವವರು ಯಾರು? ತಿಂಗಳಿಗೆ ಮೂರು ನಾಲ್ಕು ದಿನ ರಜೆ ಹಾಕುವ ಹುಡುಗಿಯರು ಹಾಕುತ್ತಲೇ ಇದ್ದರು. ನನ್ನ ಅರ್ಜಿಯಲ್ಲೂ ನೀರಿನ ಮಾತು ಇರಲಿಲ್ಲ, ಆ ತಪ್ಪು ನನಗೆ ಇವತ್ತಿಗೂ ಚುಚ್ಚುತ್ತದೆ. ಅದನ್ನು ಓದಿ ಒಪ್ಪಿದ ಸಮಿತಿಯ ಮೂವರೂ ಗಂಡಸರು. ಅವರಿಗೂ ಹೊಳೆಯಲಿಲ್ಲ.

ಮುಂದೆ ಇನ್ನೊಂದು ಕಂಪನಿಗೆ ಅಂಥದ್ದೇ ಅರ್ಜಿ ಹಾಕಿದೆವು. ಆ ಸಮಿತಿಯಲ್ಲಿ ಒಬ್ಬ ಹಿರಿಯ ಮಹಿಳೆ ಇದ್ದರು, ಹಳ್ಳಿಯ ಸರ್ಕಾರಿ ಶಾಲೆಯಲ್ಲೇ ಓದಿದವರು. ಅವರು ಕೇಳಿದ್ದು ನಾಲ್ಕೇ ಪ್ರಶ್ನೆ. ನೀರು ಎಲ್ಲಿಂದ? ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ? ಪ್ಯಾಡ್ ಎಲ್ಲಿ ಹಾಕುತ್ತಾರೆ? ತೊಳೆಯುವ ಆಯಾಗೆ ಸಂಬಳ ಯಾರು ಕೊಡುತ್ತಾರೆ? ಅಂದಾಜು ವೆಚ್ಚ ಹೆಚ್ಚಾಯಿತು, ಹತ್ತು ಶಾಲೆಯ ಬದಲು ಆರು ಶಾಲೆಗೆ ಮಾಡಿದೆವು. ನಾನು ಕೊನೆಯ ಸಲ ಹೋದಾಗ ಆರೂ ಬಳಕೆಯಲ್ಲಿದ್ದವು.

ಗಂಡಸರು ಈ ಪ್ರಶ್ನೆ ಕೇಳಲಾರರು ಅಂತಲ್ಲ. ಆಕೆಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ.

ಒಬ್ಬ ಮಹಿಳೆ ಇದ್ದರೆ ಸಾಕಾ?

ಬಹುತೇಕ ಸಾಲದು. ಅಮೆರಿಕದಲ್ಲಿ ವಿಕ್ಕಿ ಕ್ರೇಮರ್, ಆಲಿಸನ್ ಕಾನ್ರಾಡ್, ಸುಮ್ರು ಎರ್ಕುಟ್ ಎಂಬ ಮೂವರು ಸಂಶೋಧಕರು ಮಹಿಳಾ ನಿರ್ದೇಶಕರನ್ನೇ ಮಾತಾಡಿಸಿ 2006ರಲ್ಲಿ ಬರೆದರು. ಒಬ್ಬರೇ ಇದ್ದಾಗ ಅವರ ಮಾತನ್ನು "ಮಹಿಳೆಯ ಅಭಿಪ್ರಾಯ" ಎಂದು ಪಕ್ಕಕ್ಕಿಡುತ್ತಾರೆ. ಇಬ್ಬರಾದಾಗ ಸ್ವಲ್ಪ ಧೈರ್ಯ. ಮೂವರಾದಾಗ ಅವರು ಹೆಣ್ಣು ಎಂಬುದು ಮರೆತು ಮಾತಿನ ತೂಕ ಮಾತ್ರ ಉಳಿಯುತ್ತದೆ. ಯಾವ ಸಭೆಯಲ್ಲಾದರೂ ಒಂಟಿಯಾಗಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ.

ಸಿಎಸ್‌ಆರ್ ಸಮಿತಿಯಲ್ಲಿ ಮಹಿಳೆ ಇರಲೇಬೇಕಾ?

ಬೇಡ. ಸಾಮಾನ್ಯವಾಗಿ ಮೂವರು ನಿರ್ದೇಶಕರು, ಅವರಲ್ಲಿ ಒಬ್ಬರಾದರೂ ಸ್ವತಂತ್ರರು, ಇಷ್ಟೇ ಕಾನೂನು. ವರ್ಷದ ಸಿಎಸ್‌ಆರ್ ಮೊತ್ತ 50 ಲಕ್ಷ ದಾಟದಿದ್ದರೆ ಸಮಿತಿಯೇ ಬೇಕಿಲ್ಲ, ಬೋರ್ಡೇ ಮಾಡಬಹುದು.

ಇದರ ತಿರುಗು ಮುರುಗು ಸಮಸ್ಯೆಯೂ ಇದೆ. ಕೆಲವು ಕಂಪನಿಗಳು ಇರುವ ಒಬ್ಬ ಮಹಿಳೆಯನ್ನು ಸೀದಾ ಸಿಎಸ್‌ಆರ್ ಸಮಿತಿಗೆ ಹಾಕಿ, ಲೆಕ್ಕಪರಿಶೋಧನೆ ಮತ್ತು ನೇಮಕದ ಸಮಿತಿಗಳಿಂದ ದೂರ ಇಡುತ್ತವೆ. ದಾನಧರ್ಮ ಹೆಂಗಸರ ಕೆಲಸ, ದುಡ್ಡಿನ ಲೆಕ್ಕ ಗಂಡಸರದು ಎಂಬ ಹಳೇ ಯೋಚನೆ ಅದು. ನನಗೆ ಇದು ಸರಿ ಕಾಣುವುದಿಲ್ಲ. ಮುಂದಿನ ನಿರ್ದೇಶಕರು ಯಾರು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಅವರು ಇಲ್ಲದಿದ್ದರೆ ಬೋರ್ಡ್ ಬದಲಾಗುವುದಾದರೂ ಹೇಗೆ?

2% ಕೊಟ್ಟರೆ ಕಂಪನಿಯ ಹೊಣೆ ಮುಗಿಯಿತಾ?

ಇಲ್ಲ, ಮತ್ತು ಇದನ್ನು ನಾನು ಹೇಳುತ್ತಿಲ್ಲ, ಕಾಯ್ದೆಯೇ ಹೇಳುತ್ತದೆ. 166ನೇ ಸೆಕ್ಷನ್ ಪ್ರಕಾರ ನಿರ್ದೇಶಕರು ಕಂಪನಿಯ ಜೊತೆಗೆ ನೌಕರರು, ಷೇರುದಾರರು, ಸಮುದಾಯ, ಪರಿಸರ ಎಲ್ಲರ ಹಿತ ನೋಡಬೇಕು. ಉಳಿದ 98% ಹೇಗೆ ಬಂತು ಎನ್ನುವುದು ಆ ಮಾತಿನೊಳಗಿದೆ.

ಸಿಎಸ್‌ಆರ್ ನಿಯಮವೂ ಇಲ್ಲಿ ಖಡಕ್ಕಾಗಿದೆ. ತನ್ನ ನೌಕರರಿಗೆ ಮಾತ್ರ ಅನುಕೂಲವಾಗುವ ಕೆಲಸ ಸಿಎಸ್‌ಆರ್ ಅಲ್ಲ. ಕಾನೂನು ಮೊದಲೇ ಕಡ್ಡಾಯ ಮಾಡಿದ ಕೆಲಸವೂ ಅಲ್ಲ. ಕಾರ್ಖಾನೆಯ ಹೆಣ್ಣುಮಕ್ಕಳ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಕಟ್ಟಿ ಅದನ್ನು ಸಮಾಜಸೇವೆ ಎಂದು ತೋರಿಸುವ ಹಾಗಿಲ್ಲ, ಅದು ಕೊಡಲೇಬೇಕಾದದ್ದು.

2016ರ ಏಪ್ರಿಲ್ ನೆನಪಿದೆಯಾ? ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಎಂಬ ಕೇಂದ್ರದ ಹೊಸ ನಿಯಮಕ್ಕೆ ಅವರ ವಿರೋಧ. ಕೇಂದ್ರ ಅದನ್ನು ವಾಪಸ್ ತೆಗೆದುಕೊಂಡಿತು. ಆ ನಿಯಮ ಯಾವ ಕಂಪನಿಯೂ ಮಾಡಿದ್ದಲ್ಲ. ಆದರೆ ಗಾರ್ಮೆಂಟ್ಸ್ ಕೆಲಸಕ್ಕೆ 58ರವರೆಗೆ ಯಾರು ಹೋಗುತ್ತಾರೆ, ಪಿಎಫ್ ಹಣ ಮಗಳ ಫೀಸಿಗೆ, ಮದುವೆಗೆ, ಸಾಲಕ್ಕೆ ಬೇಕಾಗುತ್ತದೆ ಎಂದು ಹೇಳುವವರು ನಿಯಮ ಬರೆಯುವ ಕಡೆ ಇದ್ದಿದ್ದರೆ ರಸ್ತೆಗೆ ಇಳಿಯುವ ಪ್ರಸಂಗ ಬರುತ್ತಿತ್ತಾ? ಬೋರ್ಡುಗಳಿಗೂ ಇದೇ ಪ್ರಶ್ನೆ ಕೇಳಬಹುದು.

ಒಳ್ಳೆಯ ಉದಾಹರಣೆಯೂ ಬೆಂಗಳೂರಿನಲ್ಲೇ ಇದೆ. ವಿನೀತಾ ಬಾಲಿ 2014ರವರೆಗೆ ಬ್ರಿಟಾನಿಯಾವನ್ನು ಮುನ್ನಡೆಸಿದರು. ಅವರ ಕಾಲದಲ್ಲಿ ಮಕ್ಕಳು ತಿನ್ನುವ ಅಗ್ಗದ ಬಿಸ್ಕತ್ತಿಗೇ ಕಬ್ಬಿಣದ ಅಂಶ ಸೇರಿಸಿದರು. ರಕ್ತಹೀನತೆಯ ಬಗ್ಗೆ ಪಕ್ಕದಲ್ಲಿ ಒಂದು ಶಿಬಿರ ಮಾಡಿ ಸುಮ್ನೆ ಕೂರಲಿಲ್ಲ, ಮಾರುವ ಸರಕನ್ನೇ ಬದಲಿಸಿದರು. ಸಿಎಸ್‌ಆರ್ ಕಾನೂನು ಆಗ ಇನ್ನೂ ಬಂದಿರಲಿಲ್ಲ.

ಬೋರ್ಡುಗಳಲ್ಲಿ ದಲಿತರು, ಹಿಂದುಳಿದವರು ಎಷ್ಟಿದ್ದಾರೆ?

ತೀರಾ ಕಡಿಮೆ. ದೇಶದ 1,000 ದೊಡ್ಡ ಕಂಪನಿಗಳ ಬೋರ್ಡುಗಳನ್ನು ನೋಡಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 93% ನಿರ್ದೇಶಕರು ಮೇಲ್ಜಾತಿಯವರು. ಹಿಂದುಳಿದ ವರ್ಗದವರು 4%ಕ್ಕಿಂತ ಕಡಿಮೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಇಬ್ಬರೂ ಸೇರಿ ಅದಕ್ಕಿಂತ ತುಸು ಕಡಿಮೆ. ಮಹಿಳೆಯರ ಬಗ್ಗೆ ಆದರೂ ಕಾನೂನು ಇದೆ. ಇಲ್ಲಿ ಲೆಕ್ಕ ಬರೆದು ತೋರಿಸಿ ಎಂದು ಕೇಳುವವರೂ ಇಲ್ಲ.

ಇದಕ್ಕೂ ಸಿಎಸ್‌ಆರ್‌ಗೂ ನೇರ ನಂಟಿದೆ. ಫಲಾನುಭವಿಗಳ ಪಟ್ಟಿ ತೆಗೆದರೆ ಜಾಸ್ತಿ ಹೆಸರು ಈ ಸಮುದಾಯಗಳದೇ. ಯಾರಿಗಾಗಿ ಹಣವೋ ಅವರ ಪೈಕಿಯವರು ಹಣ ಹಂಚುವ ಕಡೆ ಇರುವುದು ಅಪರೂಪ. ಊರಿಗೆ ಕೊಟ್ಟ ನೀರಿನ ಘಟಕ ಯಾವ ಕೇರಿಯಲ್ಲಿ ನಿಲ್ಲುತ್ತದೆ, ಅಲ್ಲಿಗೆ ಯಾರು ಕೊಡ ಹಿಡಿದು ಬರಬಹುದು, ಯಾರು ಬರಲಾರರು ಎನ್ನುವುದು ಕೆಲವರಿಗೆ ಮಾತ್ರ ಮೊದಲೇ ಹೊಳೆಯುತ್ತದೆ. ನನ್ನ ಅನುಭವದಲ್ಲಿ ಇಷ್ಟು ವರ್ಷಗಳಲ್ಲಿ ಯಾವ ಸಮಿತಿಯೂ ಈ ಪ್ರಶ್ನೆ ಕೇಳಲಿಲ್ಲ.

ಯೋಗ್ಯತೆ ನೋಡಿ ಆರಿಸಬೇಕು, ಹೆಣ್ಣೋ ಗಂಡೋ ಯಾಕೆ ನೋಡಬೇಕು?

ಯೋಗ್ಯತೆ ಬೇಕೇ ಬೇಕು. ಆದರೆ ನಿರ್ದೇಶಕರ ಹುದ್ದೆಗೆ ಪ್ರವೇಶ ಪರೀಕ್ಷೆ ಇಲ್ಲ. ಬಹಳ ಕಡೆ ಪರಿಚಯದವರು ಪರಿಚಯದವರನ್ನು ಕರೆಯುತ್ತಾರೆ. ನೀವು ಆ ಬಳಗದಲ್ಲಿ ಇಲ್ಲದಿದ್ದರೆ ನಿಮ್ಮ ಯೋಗ್ಯತೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಯಮ ಬಂದ ಮೇಲೆ ಕಂಪನಿಗಳು ಆ ಬಳಗದ ಹೊರಗೆ ಹುಡುಕಲು ಶುರು ಮಾಡಿದವು, ಹುಡುಕಿದ ಮೇಲೆ ಜನ ಸಿಕ್ಕರು.

ಬೇರೆ ದೇಶಗಳಲ್ಲಿ ಹೇಗಿದೆ?

ನಾರ್ವೆ ಮೊದಲು ಮಾಡಿತು. 2003ರಲ್ಲಿ ಕಾನೂನು ತಂದು, 2008ರ ಹೊತ್ತಿಗೆ ಪಬ್ಲಿಕ್ ಕಂಪನಿಗಳ ಬೋರ್ಡುಗಳಲ್ಲಿ 40% ಮಹಿಳೆಯರು ಇರಬೇಕು, ಇಲ್ಲದಿದ್ದರೆ ಕಂಪನಿಯನ್ನೇ ಮುಚ್ಚಬೇಕು ಎಂದಿತು. ಕಂಪನಿಗಳು ಪಾಲಿಸಿದವು, ಕೆಲವು ತಮ್ಮ ನೋಂದಣಿಯ ಬಗೆಯನ್ನೇ ಬದಲಿಸಿಕೊಂಡು ತಪ್ಪಿಸಿಕೊಂಡವು. ಐರೋಪ್ಯ ಒಕ್ಕೂಟ 2022ರಲ್ಲಿ ಹತ್ತಿರ ಹತ್ತಿರ ಅಂಥದ್ದೇ ನಿಯಮ ತಂದು 2026ರ ಜೂನ್ ಗಡುವು ಕೊಟ್ಟಿತು. ಕ್ಯಾಲಿಫೋರ್ನಿಯಾ 2018ರಲ್ಲಿ ಮಾಡಿದ ಕಾನೂನನ್ನು ಅಲ್ಲಿನ ನ್ಯಾಯಾಲಯ 2022ರಲ್ಲಿ ತಳ್ಳಿಹಾಕಿತು. ಕಡ್ಡಾಯ ಸಿಎಸ್‌ಆರ್ ಖರ್ಚು ಮತ್ತು ಕಡ್ಡಾಯ ಮಹಿಳಾ ನಿರ್ದೇಶಕಿ ಎರಡನ್ನೂ ಒಂದೇ ಕಾಯ್ದೆಯಲ್ಲಿ ಇಟ್ಟಿರುವ ನಮ್ಮ ಸ್ಥಿತಿಯೇ ಬೇರೆ. ನಾವು ಅವರ ಹಾದಿ ನೋಡುತ್ತಾ ಕೂರಬೇಕಿಲ್ಲ.

ಸಿಎಸ್‌ಆರ್ ಹಣ ಬೆಂಗಳೂರಿನ ಸುತ್ತಲೇ ಯಾಕೆ ಸುತ್ತುತ್ತದೆ?

ಕಂಪನಿ ಇರುವ ಜಾಗದ ಸುತ್ತಮುತ್ತ ಆದ್ಯತೆ ಕೊಡಿ ಎಂದು ಕಾಯ್ದೆ ಹೇಳುತ್ತದೆ. ಕಂಪನಿಗಳು ಬೆಂಗಳೂರಿನಲ್ಲಿವೆ. ಅದಕ್ಕೆ ಹಾಗೆ. ಆದರೆ ಅಲ್ಲೇ ಖರ್ಚು ಮಾಡಬೇಕು ಎಂಬ ಕಟ್ಟುಪಾಡು ಇಲ್ಲ ಎಂದು ಸರ್ಕಾರ 2021ರಲ್ಲೇ ಸ್ಪಷ್ಟ ಮಾಡಿದೆ. ಹಿಂದುಳಿದಿವೆ ಎಂದು ಕೇಂದ್ರ ಗುರುತಿಸಿದ "ಮಹತ್ವಾಕಾಂಕ್ಷಿ ಜಿಲ್ಲೆ"ಗಳಲ್ಲಿ ನಮ್ಮ ರಾಯಚೂರು, ಯಾದಗಿರಿ ಇವೆ. ಬೋರ್ಡಿನಲ್ಲಿ ಕಲ್ಯಾಣ ಕರ್ನಾಟಕ ಗೊತ್ತಿರುವ ಒಬ್ಬರಿದ್ದರೂ ಈ ಹೆಸರುಗಳು ಮಾತಿಗೆ ಬರುತ್ತವೆ.

ಒಂದು ಕಂಪನಿಯ ಬೋರ್ಡ್ ಹೇಗಿದೆ, ಹಣ ಎಲ್ಲಿಗೆ ಹೋಯಿತು ಎಂದು ನಾನು ಹೇಗೆ ನೋಡಲಿ?

ಎಲ್ಲ ಬಹಿರಂಗವಾಗಿದೆ. ಸಿಎಸ್‌ಆರ್ ಸಮಿತಿಯಲ್ಲಿ ಯಾರಿದ್ದಾರೆ, ನೀತಿ ಏನು, ಬೋರ್ಡ್ ಒಪ್ಪಿದ ಕೆಲಸಗಳು ಯಾವುವು ಎಂಬುದನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ವಾರ್ಷಿಕ ವರದಿಯಲ್ಲಿ ಬೋರ್ಡಿನ ವರದಿಯ ಜೊತೆ ಸಿಎಸ್‌ಆರ್ ಅನುಬಂಧ ಇರುತ್ತದೆ, ನಾನು ಮೊದಲು ತೆರೆಯುವ ಪುಟ ಅದೇ. ದೊಡ್ಡ 1,000 ಲಿಸ್ಟೆಡ್ ಕಂಪನಿಗಳು 2022-23ರಿಂದ ಸಮಾಜ, ಪರಿಸರದ ಹೊಣೆಯ ಬಗ್ಗೆ ಬಿಆರ್‌ಎಸ್‌ಆರ್ ಎಂಬ ವರದಿಯನ್ನೂ ಕೊಡಬೇಕು. ಅದರಲ್ಲಿ ಬೋರ್ಡಿನಲ್ಲಿ ಎಷ್ಟು ಮಹಿಳೆಯರು ಎಂಬ ಲೆಕ್ಕ ಇರುತ್ತದೆ. ಯಾವ ಕಂಪನಿ ಯಾವ ರಾಜ್ಯದಲ್ಲಿ ಎಷ್ಟು ಖರ್ಚು ಮಾಡಿತು ಎಂಬುದು ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಸಿಗುತ್ತದೆ.

ನಿಮ್ಮ ಬಳಿ ಒಂದೇ ಒಂದು ಷೇರು ಇದ್ದರೂ ವಾರ್ಷಿಕ ಮಹಾಸಭೆಯಲ್ಲಿ ಕೇಳುವ ಹಕ್ಕಿದೆ. ಸಭೆಗಳು ಈಗ ಆನ್‌ಲೈನ್‌ನಲ್ಲೂ ನಡೆಯುತ್ತವೆ, ಮಾತಾಡುವವರು ಸಾಮಾನ್ಯವಾಗಿ ಮುಂಚೆಯೇ ಹೆಸರು ಕೊಡಬೇಕು. ಕೇಳಬೇಕಾದ್ದು ಇಷ್ಟು: ಸಿಎಸ್‌ಆರ್ ಸಮಿತಿಯಲ್ಲಿ ಸ್ವತಂತ್ರ ಮಹಿಳಾ ನಿರ್ದೇಶಕಿ ಇದ್ದಾರಾ? ಕಳೆದ ವರ್ಷ ಸಮಿತಿಯವರು ಎಷ್ಟು ಕಡೆ ಖುದ್ದಾಗಿ ಹೋಗಿ ನೋಡಿದರು? ಕಟ್ಟಿದ್ದು ಈಗಲೂ ಬಳಕೆಯಲ್ಲಿದೆಯಾ? ಅರ್ಜಿ ಹಾಕುವ ಸಂಸ್ಥೆಯವರಾದರೆ ಮೊದಲು ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಅದಿಲ್ಲದೆ ಕಂಪನಿಗಳು ನಿಮಗೆ ಹಣ ಕೊಡುವ ಹಾಗಿಲ್ಲ. ಆಮೇಲೆ ಸಮಿತಿಯಲ್ಲಿ ಯಾರಿದ್ದಾರೆ ನೋಡಿಕೊಂಡು ಅರ್ಜಿ ಬರೆಯಿರಿ. ಅವರು ಕೇಳಲಿ ಬಿಡಲಿ, ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ.